ಎಬಿಎಸ್, ಸ್ಟೀರಿಂಗ್ ಲೈಟು ಒಟ್ಟಿಗೆ ಹತ್ತುತ್ತಿವೆ, ಯು0121 ಕೋಡ್. ಮಾಡ್ಯೂಲ್ ಬದಲಾಯಿಸಲೇಬೇಕಾ?

ಮಂಡ್ಯ_ಡೀಸೆಲ್:
ನಮಸ್ಕಾರ. ಮಳೆ ಶುರುವಾದ ಮೇಲೆ ನನ್ನ ಕಾರಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಲೈಟು, ಸ್ಟೀರಿಂಗ್ ಲೈಟು ಎರಡೂ ಒಟ್ಟಿಗೆ ಹತ್ತಿಕೊಳ್ಳುತ್ತವೆ, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆ. ಸ್ಕ್ಯಾನ್ ಮಾಡಿಸಿದೆ, ಯು0121 ಬಂತು. ಎಬಿಎಸ್ ಮಾಡ್ಯೂಲ್ ಹೋಗಿದೆ, ಹೊಸದು ಹಾಕಿಸಿ ಅಂದರು. ಬೆಲೆ ಕೇಳಿ ಗಾಬರಿಯಾಯಿತು. ಮನೆಯಲ್ಲಿ ಮಲ್ಟಿಮೀಟರ್ ಇದೆ. ಮೊದಲು ಏನು ನೋಡಲಿ?

ಬನ್ನಿಮಂಟಪ_ವೈರಿಂಗ್:
ಅಣ್ಣ, ಈಗಲೇ ಮಾಡ್ಯೂಲ್ ತಗೋಬೇಡಿ. ಯು0121 ಅಂದರೆ ಎಬಿಎಸ್ ಕಡೆಯಿಂದ ಮೆಸೇಜ್ ಬರುತ್ತಿಲ್ಲ ಅಂತ ಕಾರಿನ ಬೇರೆ ಯೂನಿಟ್‌ಗಳು (ಮಾಡ್ಯೂಲ್‌ಗಳು) ಕೊಟ್ಟ ದೂರು, ಅಷ್ಟೇ. ಯಾಕೆ ಬರುತ್ತಿಲ್ಲ ಅನ್ನೋದು ಆ ಕೋಡಲ್ಲಿ ಇರೋದಿಲ್ಲ. ಫ್ಯೂಸ್ ಹೋದರೂ, ಅರ್ಥ್ (ಬಾಡಿಗೆ ಹೋಗುವ ನೆಗೆಟಿವ್ ವೈರ್) ಸಡಿಲವಾದರೂ, ವೈರ್ ತುಂಡಾದರೂ ಇದೇ ಕೋಡ್.

ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ಮಧ್ಯೆ ಓಮ್ ನೋಡಿ. 6 ಕ್ಯಾನ್ ಹೈ, 14 ಕ್ಯಾನ್ ಲೋ. ಕ್ಯಾನ್ ಅಂದರೆ ಯೂನಿಟ್‌ಗಳು ಒಂದಕ್ಕೊಂದು ಮೆಸೇಜ್ ಕಳಿಸುವ ಎರಡು ವೈರಿನ ಲೈನ್. ಲೈನಿನ ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಇರುವುದರಿಂದ ಮೀಟರ್ 60ರ ಆಸುಪಾಸು ತೋರಿಸಬೇಕು. 120 ಬಂದರೆ ಒಂದು ತುದಿ ಸಿಗುತ್ತಿಲ್ಲ. ಸೊನ್ನೆ ಹತ್ತಿರ ಬಂದರೆ ಎಲ್ಲೋ ಶಾರ್ಟ್. ಗೇಟ್‌ವೇ (ಲೈನ್‌ಗಳ ಮಧ್ಯೆ ಮೆಸೇಜ್ ದಾಟಿಸುವ ಯೂನಿಟ್) ಇರುವ ಕಾರಾದರೆ ಇಲ್ಲಿ ಸ್ಕ್ಯಾನರ್ ಕಡೆಯ ಲೈನ್ ಮಾತ್ರ ಸಿಗಬಹುದು, ಅದು ನೆನಪಿರಲಿ.

ಮದ್ದೂರು_ಆಟೋ_ಎಲೆಕ್ಟ್ರಿಕ್:
ಮೇಲೆ ಹೇಳಿದ್ದು ಸರಿ. ಆದರೆ 60 ಬಂತು ಅಂತ ವೈರಿಂಗ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ಎಬಿಎಸ್ ಲೈನಿನ ತುದಿಯಲ್ಲಿರದೆ ಮಧ್ಯೆ ಕವಲಾಗಿ ಕೂತಿದ್ದರೆ, ಆ ಕವಲು ತುಂಡಾದರೂ ಮೀಟರ್ 60 ಅನ್ನೇ ತೋರಿಸುತ್ತದೆ.

ತುಂಬಾ ಕಾರುಗಳಲ್ಲಿ ವೇಗದ ಲೆಕ್ಕ ಎಬಿಎಸ್‌ನಿಂದಲೇ ಮೀಟರಿಗೂ ಸ್ಟೀರಿಂಗಿಗೂ ಹೋಗುತ್ತದೆ. ಹಾಗಾಗಿ ನಿಮ್ಮ ಮೂರು ತೊಂದರೆಗೂ ಮೂಲ ಒಂದೇ ಇರಬೇಕು. ಪೂರ್ತಿ ಲೈನ್ ಬಿದ್ದಿದ್ದರೆ ಎಲ್ಲಾ ಯೂನಿಟ್‌ಗಳೂ ದೂರು ಹೇಳುತ್ತಿದ್ದವು, ಅಲ್ವಾ? ಹಾಗಾಗಿ ಎಬಿಎಸ್ ಕಡೆಯೇ ಹುಡುಕಿ. ಲೈಟ್ ಹತ್ತಿರುವಾಗಲೇ ಕನೆಕ್ಟರ್ ಬಿಚ್ಚದೆ ಹಿಂದಿನಿಂದ ಪ್ರೋಬ್ ಇಟ್ಟು, ಎಬಿಎಸ್ ಅರ್ಥ್ ಪಿನ್‌ಗೂ ಬ್ಯಾಟರಿ ನೆಗೆಟಿವ್‌ಗೂ ಮಧ್ಯೆ ವೋಲ್ಟ್ ನೋಡಿ. 0.1 ದಾಟಬಾರದು. ಓಮಲ್ಲಿ ನೋಡಿದರೆ ಸಾಲದು, ಒಂದೇ ಎಳೆ ಉಳಿದಿದ್ದರೂ ಅದು ಸರಿ ಅಂತಲೇ ತೋರಿಸುತ್ತದೆ. ಕಬ್ಬಿನ ಗದ್ದೆ ಪಕ್ಕ ನಿಲ್ಲಿಸುವವರಾದರೆ ಇಲಿ ಕಡಿದಿದೆಯಾ ಅಂತಲೂ ನೋಡಿ.

ಮಂಡ್ಯ_ಡೀಸೆಲ್:
ಓಮ್ 61. ಬೆಳಗ್ಗೆ ಮಳೆಯಲ್ಲಿ ಲೈಟ್ ಹತ್ತಿತು, ಆಗ ಅರ್ಥ್‌ನಲ್ಲಿ 0.9 ವೋಲ್ಟ್ ಇತ್ತು. ಒಣಗಿದ ಮೇಲೆ 0.2.

ಮದ್ದೂರು_ಆಟೋ_ಎಲೆಕ್ಟ್ರಿಕ್:
ಸಿಕ್ಕಿತು ನೋಡಿ! ಅರ್ಥ್ ಬೋಲ್ಟ್ ಬಿಚ್ಚಿ, ಬಾಡಿ ಕಡೆಯ ಪೇಂಟು, ತುಕ್ಕು ಉಜ್ಜಿ, ಲಗ್‌ನಲ್ಲಿ (ವೈರ್ ತುದಿಯ ಲೋಹದ ಬಳೆ) ಹಸಿರು ಕಿಲುಬು ಇದ್ದರೆ ಲಗ್ಗೇ ಹೊಸದು ಹಾಕಿಸಿ. ಪಿನ್ ಕಡೆಯೂ ನೋಡಿ, ಕನೆಕ್ಟರ್ ಒಳಗೆ ನೀರು ಇಳಿದಿರಬಹುದು. ಆಮೇಲೆ ಮತ್ತೆ ವೋಲ್ಟ್ ನೋಡಿ, ಕೋಡ್ ಅಳಿಸಿ, ಮಳೆಯಲ್ಲಿ ಓಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಅಲ್ಲಿವರೆಗೆ ಒದ್ದೆ ರಸ್ತೆಯಲ್ಲಿ ನಿಧಾನ ಅಣ್ಣ, ಲೈಟ್ ಹತ್ತಿದ್ದಾಗ ಎಬಿಎಸ್ ಕೆಲಸ ಮಾಡೋದಿಲ್ಲ, ಜೋರಾಗಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗುತ್ತದೆ.

ಬನ್ನಿಮಂಟಪ_ವೈರಿಂಗ್:
ಕ್ಯಾನ್ ವೈರ್ ಎಲ್ಲಾದರೂ ಜೋಡಿಸಬೇಕಾಗಿ ಬಂದರೆ ಎರಡೂ ವೈರನ್ನು ಮೊದಲಿದ್ದ ಹಾಗೇ ಒಂದಕ್ಕೊಂದು ಸುತ್ತಿಸಿ. ಹೊರಗಿನ ನಾಯ್ಸ್ ತಡೆಯೋದೇ ಆ ಸುತ್ತು.