ಬೈಟು ಕಾಫಿಯ ಸರ್ಕಾರ

ಹೋಟೆಲಿನ ಟಿ.ವಿ.ಯಲ್ಲಿ ಯಾವುದೋ ರಾಜ್ಯದ ಮತಗಟ್ಟೆ ಸಮೀಕ್ಷೆ ನಡೆಯುತ್ತಿತ್ತು. ‘ಮ್ಯಾಜಿಕ್ ನಂಬರ್ ಯಾರಿಗೆ?’ ಎಂಬ ಅಕ್ಷರಗಳು ಬೆಂಕಿ ಹೊತ್ತಿಕೊಂಡು ತೆರೆಯ ಮೇಲೆ ಉರುಳುತ್ತಿದ್ದಂತೆಯೇ ರಾಯರು ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುವುದನ್ನು ನಿಲ್ಲಿಸಿದರು.

“ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ವಿಧಾನಸಭೆಯ 224 ಸ್ಥಾನಗಳನ್ನು ಅರ್ಧ ಮಾಡಿ ಒಂದು ಕೂಡಿಸಿದರೆ 113 ಬರುತ್ತದೆ. ಮೂರನೆಯ ತರಗತಿಯ ಹುಡುಗ ಬೆರಳು ಮಡಚದೆ ಮಾಡುವ ಲೆಕ್ಕವಿದು, ಇದರಲ್ಲಿ ಮ್ಯಾಜಿಕ್ ಎಲ್ಲಿಂದ ಬಂತು? 2018ರಲ್ಲಿ 104 ಗೆದ್ದವರು ಮೂರೇ ದಿನಕ್ಕೆ ಮನೆಗೆ ಹೋದರು, 78 ಗೆದ್ದವರು ಉಪಮುಖ್ಯಮಂತ್ರಿ ಸ್ಥಾನಕ್ಕೆ ತೃಪ್ತಿಪಟ್ಟರು, 37 ಗೆದ್ದವರು ಮುಖ್ಯಮಂತ್ರಿಯಾದರು. ಮ್ಯಾಜಿಕ್ ಎಂದರೆ ಅದು.”

“ಬಿಡಿ ರಾಯರೇ, ಏನು ಹೇಳೋಣ ಕಾಫಿಗೆ?” ಎಂದೆ.

“ಪುಟ್ಟಸ್ವಾಮಿಗೂ ನನಗೂ ಒಂದು ಬೈಟು. ನಿನಗೆ ಪೂರ್ತಿ ಒಂದು. ಮೂರ್ತಿ, ನಿನಗೆ?”

“ನನಗೇನೂ ಬೇಡ” ಎಂದ ಮೂರ್ತಿ, ನನ್ನ ತಟ್ಟೆಯ ವಡೆಯನ್ನು ಮುರಿಯುತ್ತ.

“ನೋಡಿದಿರಾ, ಇದಕ್ಕೇ ಬಾಹ್ಯ ಬೆಂಬಲ ಎನ್ನುವುದು” ಎಂದು ರಾಯರು ಎರಡೂ ಕೈಗಳನ್ನು ಮೇಲೆತ್ತಿದರು. “ತಟ್ಟೆ ತನ್ನದಲ್ಲ, ಬಿಲ್ಲು ತನ್ನದಲ್ಲ, ಚಟ್ನಿ ಸಪ್ಪೆಯಾದರೆ ಹೊಣೆಯೂ ತನ್ನದಲ್ಲ, ಆದರೆ ವಡೆ ಮಾತ್ರ ಹೋಗುತ್ತಿರುತ್ತದೆ. 1996ರ ಜೂನ್ ಒಂದರಂದು ನಮ್ಮ ದೇವೇಗೌಡರು ಪ್ರಧಾನಿಯಾದಾಗ ಕಾಂಗ್ರೆಸ್ಸು ಕೊಟ್ಟದ್ದು ಇದನ್ನೇ. ಹತ್ತು ತಿಂಗಳು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದು, 1997ರ ಮಾರ್ಚ್ ಕೊನೆಯಲ್ಲಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ಹೋಯಿತು.”

ಮೂರ್ತಿಗೆ ಸ್ವಲ್ಪ ನೋವಾದಂತೆ ಕಂಡಿತು. “1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೂ ಬಹುಮತವಿರಲಿಲ್ಲ. ಬಿಜೆಪಿಯ 18 ಮಂದಿಯೂ ಎಡಪಕ್ಷದವರೂ ಹೊರಗೆ ನಿಂತೇ ಅವರನ್ನು ಮುಖ್ಯಮಂತ್ರಿ ಮಾಡಲಿಲ್ಲವೇ? ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದೇ ನನ್ನಂಥವರಿಂದ” ಎಂದು ಹೇಳಿ, ಉಳಿದರ್ಧ ವಡೆಯನ್ನೂ ತನ್ನ ಕಡೆಗೆ ಎಳೆದುಕೊಂಡ.

ಮಾಣಿ ಕಾಫಿ ತಂದಿಟ್ಟ. ಬೈಟು ಬಂದದ್ದು ಎರಡು ಪುಟ್ಟ ಲೋಟಗಳಲ್ಲಿ. ಒಂದರಲ್ಲಿ ನೊರೆ ಹೆಚ್ಚು, ಇನ್ನೊಂದರಲ್ಲಿ ಕಾಫಿ ಹೆಚ್ಚು. ಇಬ್ಬರೂ ಎರಡನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಪುಟ್ಟಸ್ವಾಮಿ ಬಲು ಸೌಜನ್ಯದಿಂದ “ನೀವು ತೆಗೆದುಕೊಳ್ಳಿ ರಾಯರೇ” ಎನ್ನುತ್ತ ನೊರೆಯ ಲೋಟವನ್ನು ಅವರ ಕಡೆಗೆ ಸರಿಸಿದ.

“ಖಾತೆ ಹಂಚಿಕೆ!” ಎಂದರು ರಾಯರು. “2018ರ ಮೇ 23ರಂದು ಪ್ರಮಾಣವಚನವಾಯಿತು. ಯಾರಿಗೆ ಯಾವ ಖಾತೆ ಎಂದು ಗೊತ್ತಾಗಲು ಜೂನ್ ಬರಬೇಕಾಯಿತು. ಸಂವಿಧಾನದ 91ನೆಯ ತಿದ್ದುಪಡಿಯ ಪ್ರಕಾರ ಸದನದ ನೂರಕ್ಕೆ 15ರಷ್ಟು ಮಾತ್ರ ಸಚಿವರಿರಬೇಕು, ನಮ್ಮಲ್ಲಿ ಅದು 34. ಅದರಲ್ಲಿ 22 ಒಬ್ಬರಿಗೆ, 12 ಇನ್ನೊಬ್ಬರಿಗೆ. ಲೆಕ್ಕ ಇಷ್ಟು ಸಲೀಸಾಗಿರುವಾಗ ತಡವಾದದ್ದೇಕೆ? ನೊರೆ ಯಾವುದರಲ್ಲಿ, ಕಾಫಿ ಯಾವುದರಲ್ಲಿ ಎಂದು ಇಬ್ಬರೂ ಲೋಟಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕೊನೆಗೆ ಹಣಕಾಸು ತೆನೆ ಹೊತ್ತ ಮಹಿಳೆಗೆ ಹೋಯಿತು, ಗೃಹ ಕೈಗೆ ಹೋಯಿತು. ಇಷ್ಟೆಲ್ಲ ಆದಮೇಲೆ ತಮ್ಮನ್ನು ತಾವು ಸಮಾನ ಮನಸ್ಕರು ಎಂದು ಕರೆದುಕೊಂಡರು.”

“ಒಂದೇ ಲೋಟದಲ್ಲಿ ಸರದಿಯ ಮೇಲೆ ಕುಡಿದರೆ ಈ ಜಗಳವಿರುವುದಿಲ್ಲ” ಎಂದು ನಾನು ಹೇಳಿದ್ದು ತಪ್ಪಾಯಿತು.

“ಅದೂ ಆಗಿದೆಯಪ್ಪ. 2004ರಲ್ಲಿ 79, 65, 58 ಎಂದು ಜನ ಮೂರು ಪಾಲು ಮಾಡಿ ಕೊಟ್ಟರು. ಮೊದಲು ಧರ್ಮಸಿಂಗರ ಸರ್ಕಾರ ಬಂತು. ಅದು ಬಿದ್ದು, 2006ರ ಫೆಬ್ರುವರಿಯಲ್ಲಿ ಇಪ್ಪತ್ತು ತಿಂಗಳು ನೀನು, ಇಪ್ಪತ್ತು ತಿಂಗಳು ನಾನು ಎಂಬ ಒಪ್ಪಂದವಾಯಿತು. ಕ್ರಿಕೆಟಿನ ಹೆಸರನ್ನೂ ಇಟ್ಟರು. ಮೊದಲರ್ಧ ಕುಡಿದವರು ಇಪ್ಪತ್ತು ತಿಂಗಳಾದರೂ ಲೋಟವನ್ನು ಕೆಳಗಿಡಲಿಲ್ಲ. ರಾಷ್ಟ್ರಪತಿ ಆಳ್ವಿಕೆಯೂ ಬಂತು. ಆಮೇಲೆ ಮನಸ್ಸು ಕರಗಿ, 2007ರ ನವೆಂಬರ್ 12ರಂದು ಲೋಟ ಕೈಬದಲಾಯಿತು. ಯಡಿಯೂರಪ್ಪನವರು ಊದಿ ಊದಿ ಆರಿಸಿಕೊಂಡು ಬಾಯಿಗೆ ಇಡಬೇಕು, ಅಷ್ಟರಲ್ಲಿ ಏಳನೆಯ ದಿನಕ್ಕೆ ಲೋಟವೇ ಇಲ್ಲ.”

ಮೂರ್ತಿ ನಗುತ್ತ, ರಾಜ್ಯಪಾಲರೇಕೆ ಇದಕ್ಕೊಂದು ನಿಯಮ ಮಾಡಬಾರದು ಎಂದು ಕೇಳಿದ.

“ಕ್ರಮವೇನೋ ಇದೆ. ಸರ್ಕಾರಿಯಾ ಆಯೋಗ ಬರೆದಿಟ್ಟಿದೆ. ಚುನಾವಣೆಗೆ ಮೊದಲೇ ಕೂಡಿಕೊಂಡವರನ್ನು ಮೊದಲು ಕರೆಯಬೇಕು, ಅವರಿಲ್ಲದಿದ್ದರೆ ಇತರರ ಬೆಂಬಲವಿರುವ ಅತಿದೊಡ್ಡ ಪಕ್ಷವನ್ನು, ಆಮೇಲೆ ಫಲಿತಾಂಶ ಬಂದಮೇಲೆ ಕೂಡಿಕೊಂಡವರನ್ನು. ಆದರೆ 2017ರಲ್ಲಿ ಗೋವಾದಲ್ಲಿ 17 ಗೆದ್ದ ಅತಿದೊಡ್ಡ ಪಕ್ಷ ಬಾಗಿಲಲ್ಲೇ ಉಳಿಯಿತು, 13 ಗೆದ್ದವರು ಎಂಟು ಮಂದಿಯನ್ನು ಕೂಡಿಸಿಕೊಂಡು ಒಳಗೆ ಹೋದರು. ಮರುವರ್ಷ ಬೆಂಗಳೂರಿನಲ್ಲಿ ಅತಿದೊಡ್ಡ ಪಕ್ಷಕ್ಕೇ ಮೊದಲ ಎಲೆ ಬಿತ್ತು. ಗೋವಾದಲ್ಲಿ ಒಂದು ಪಕ್ಷ ಹೇಳಿದ ಶ್ಲೋಕವನ್ನು ಇಲ್ಲಿ ಇನ್ನೊಂದು ಪಕ್ಷ ಸ್ವರ ಸಮೇತ ಒಪ್ಪಿಸಿತು. ಬಹುಮತ ಎಣಿಸಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ಸುಪ್ರೀಂ ಕೋರ್ಟು 1994ರಲ್ಲಿ ಹೇಳಿದ್ದೂ ನಮ್ಮ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿಯೇ. ಆ ತೀರ್ಪು ಬರುವ ಹೊತ್ತಿಗೆ ಅವರ ಸರ್ಕಾರ ಹೋಗಿ ಐದು ವರ್ಷವಾಗಿತ್ತೆನ್ನಿ. 2018ರಲ್ಲಿ ಅದೇ ಕೋರ್ಟು ರಾತ್ರಿಯೆಲ್ಲ ಎದ್ದು ಕುಳಿತು ವಿಚಾರಣೆ ನಡೆಸಿತು, ಮರುದಿನ ರಾಜ್ಯಪಾಲರ ಹದಿನೈದು ದಿನದ ಗಡುವನ್ನು ಒಂದು ದಿನಕ್ಕೆ ಇಳಿಸಿತು.”

“ಆ ಒಂದು ದಿನ ಶಾಸಕರು ಹೈದರಾಬಾದಿನಲ್ಲಿದ್ದರು” ಎಂದು ನಾನು ನೆನಪಿಸಿದೆ.

“ಬಿಡದಿಯ ರೆಸಾರ್ಟಿನಿಂದ ರಾತ್ರೋರಾತ್ರಿ ಬಸ್ಸಿನಲ್ಲಿ! ಅದನ್ನು ತಪ್ಪೆನ್ನಲಾರೆ. 1984ರಲ್ಲಿ ಎನ್.ಟಿ. ರಾಮರಾವ್ ಅವರ ಶಾಸಕರು ನಮ್ಮಲ್ಲಿ ಬಂದು ಅಡಗಿದ್ದರು. 34 ವರ್ಷಗಳ ನಂತರ ಅವರ ಊರಿನವರು ಆ ಆತಿಥ್ಯದ ಋಣ ತೀರಿಸಿದರು. ಮರುವರ್ಷ ನಮ್ಮವರೇ ಕೆಲವರು ಮುಂಬೈಯ ಹೋಟೆಲು ಸೇರಿದರು, 2019ರ ಜುಲೈ 23ರಂದು 99ಕ್ಕೆ 105 ಆಗಿ ಸರ್ಕಾರ ಬಿತ್ತು. ಬೆಲ್ಜಿಯಮ್ಮಿನಲ್ಲಿ 2010ರ ಚುನಾವಣೆಯ ನಂತರ ಸರ್ಕಾರ ರಚಿಸಲು 541 ದಿನ ಹಿಡಿಯಿತಂತೆ. ಅವರು ಅಷ್ಟು ದಿನವೂ ಯಾವ ಕಾನೂನು, ಯಾವ ತೆರಿಗೆ ಎಂದು ಕಾಗದದ ಮೇಲೆ ಚೌಕಾಸಿ ಮಾಡುತ್ತಿದ್ದರು. ನಮ್ಮವರಿಗೆ ಅಷ್ಟು ದಿನ ಕೊಟ್ಟಿದ್ದರೆ ರೆಸಾರ್ಟಿನ ಬಿಲ್ಲು ಕಟ್ಟಲು ವಿಶ್ವಬ್ಯಾಂಕಿನ ಸಾಲ ಬೇಕಾಗುತ್ತಿತ್ತು.”

ಇಷ್ಟು ಹೊತ್ತು ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ ಪುಟ್ಟಸ್ವಾಮಿ ಆಗ ಬಾಯಿ ತೆರೆದ.

“ಮೇಲಿನವರು ಕೂಡಿಕೊಂಡರು, ಸರಿ. ನಮ್ಮ ಮಂಡ್ಯದ ಕಡೆ ಊರೂರಿನಲ್ಲಿ ಮೂವತ್ತು ವರ್ಷದಿಂದ ಒಬ್ಬರನ್ನೊಬ್ಬರು ಹೊಡೆದುಕೊಂಡಿದ್ದ ಕಾರ್ಯಕರ್ತರಿಗೆ ಯಾರು ಹೇಳಬೇಕು? ನಾನು ಕೈ, ನನ್ನ ತಮ್ಮ ತೆನೆ. ಚಿಹ್ನೆಯೇ ಇಲ್ಲದ ಗ್ರಾಮ ಪಂಚಾಯಿತಿ ಚುನಾವಣೆಯೊಂದರಲ್ಲಿ ಜಗಳವಾಗಿ ಅಂಗಳದ ನಡುವೆ ಗೋಡೆ ಎದ್ದಿತ್ತು. ಅವ್ವ ನನ್ನ ಕಡೆ ಇದ್ದಳು. ಆ ಕಡೆ ಮೊಮ್ಮಗ ಕೆಮ್ಮಿದರೆ ಈ ಕಡೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಮೇ 23ರಂದು ಟಿ.ವಿ.ಯಲ್ಲಿ ವಿಧಾನಸೌಧದ ಮುಂದೆ ಎಲ್ಲರೂ ಕೈಕೈ ಹಿಡಿದು ಮೇಲೆತ್ತಿ ನಿಂತದ್ದನ್ನು ನೋಡಿದಳು. ಹನ್ನೊಂದು ದಿನದ ಹಿಂದೆ ಮತ ಹಾಕಿದ ಶಾಯಿ ಅವಳ ಉಗುರಿನಲ್ಲಿ ಇನ್ನೂ ಇತ್ತು. ‘ಅವರೇ ರಾಜಿಯಾದರಲ್ಲಪ್ಪ, ನೀನು ಯಾವತ್ತು ಆಗುತ್ತೀಯ?’ ಎಂದಳು.”

“ನೀನೇನು ಹೇಳಿದೆ?”

“ಸಮನ್ವಯ ಸಮಿತಿ ಸಭೆ ಸೇರಲಿ ಎಂದೆ. ನಗೆಮಾತು ಎಂದುಕೊಂಡಿದ್ದೆ. ಮುಂದಿನ ಯುಗಾದಿಗೆ ಅವಳು ಇರಲಿಲ್ಲ.”

ಟಿ.ವಿ.ಯವರು ಮತ್ತೆ ನಂಬರಿಗೆ ಬೆಂಕಿ ಹಚ್ಚುತ್ತಿದ್ದರು. ರಾಯರು ಮಾಣಿಗೆ ಸನ್ನೆ ಮಾಡಿ ಅದರ ಸದ್ದು ತಗ್ಗಿಸಿದರು.

“ಲೋಕಸಭೆ ಚುನಾವಣೆಯಲ್ಲಿ 28ರಲ್ಲಿ ನಮಗೊಂದು, ಅವರಿಗೊಂದು ಬಂತು. ನಾವು ಅವರಿಗೆ ಹಾಕಲಿಲ್ಲ, ಅವರು ನಮಗೆ ಹಾಕಲಿಲ್ಲ. ಆಮೇಲೆ ಸರ್ಕಾರವೂ ಬಿತ್ತಲ್ಲ, ಆ ರಾತ್ರಿ ನಾನು ಅಂಗಳದಲ್ಲಿ ನಿಂತಿದ್ದೆ. ಗೋಡೆಯ ಆಚೆಯಿಂದ ತಮ್ಮ ಮಾತನಾಡಿದ. ಎಷ್ಟೋ ವರ್ಷದ ಮೇಲೆ. ‘ಹೋಯ್ತಲ್ಲಣ್ಣ, ನಮ್ಮ ಸರ್ಕಾರ’ ಎಂದ. ನಮ್ಮ ಎಂದ.”

ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಮೂರ್ತಿ ಕೂಡ ತಟ್ಟೆಯಿಂದ ಕೈ ತೆಗೆದಿದ್ದ.

“ಗೋಡೆ?” ಎಂದು ನಾನೇ ಕೇಳಿದೆ.

“ಇದೆ. ಅರ್ಧ ಅವನ ಕಡೆಯ ಇಟ್ಟಿಗೆ, ಅರ್ಧ ನನ್ನ ಕಡೆಯದು. ಕೆಡವುವ ಕೂಲಿ ಯಾರು ಕೊಡಬೇಕು ಎಂಬ ಮಾತುಕತೆ ನಡೆಯುತ್ತಿದೆ.”

ಮಾಣಿ ಬಿಲ್ಲು ತಂದು ಮೇಜಿನ ನಡುವೆ ಇಟ್ಟ. ಮೂರ್ತಿ ಕೈ ತೊಳೆದು ಬರುತ್ತೇನೆಂದು ಎದ್ದ.