ಅಪ್‌ಡೇಟ್: ಅಪ್ಪನ ಮಾತಿಗೆ ಕರೆಂಟ್ ಚಿಕಿತ್ಸೆ

ಸ್ಟ್ರೋಕ್ ಆಗಿ ಮಾತು ತಡವರಿಸುತ್ತಿದ್ದ ಅಪ್ಪನಿಗೆ ಸ್ಪೀಚ್ ಥೆರಪಿ ಜೊತೆ ಮೆದುಳಿಗೆ ಕರೆಂಟ್ ಕೊಡಿಸಬಹುದಾ ಅಂತ ಕೇಳಿದ್ದೆ, ಅಲ್ವಾ? ಕೊಡಿಸಿದೆವು.

ಇದು ಶಾಕ್ ಟ್ರೀಟ್‌ಮೆಂಟ್ ಅಲ್ಲ. ಅಮ್ಮನಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು! ಉಪ್ಪುನೀರಲ್ಲಿ ನೆನೆಸಿದ ಸ್ಪಂಜನ್ನು ತಲೆಗೆ ಕಟ್ಟಿ, ಸುಮಾರು 20 ನಿಮಿಷ 1-2 ಮಿಲಿಆಂಪ್ ಕರೆಂಟ್ ಹರಿಸುತ್ತಾರೆ. ಸ್ವಲ್ಪ ನವೆ, ಅಷ್ಟೇ. ಸುಮ್ನೆ ಕರೆಂಟ್ ಕೊಟ್ಟರೆ ಮಾತು ಬರುವುದಿಲ್ಲ. ಅದು ನರಕೋಶಗಳು ಬೇಗ ಸ್ಪಂದಿಸುವ ಹಾಗೆ ಮಾಡುತ್ತದೆ. ಆಗಲೇ ಚಿತ್ರ ನೋಡಿ ಹೆಸರು ಹೇಳುವ ಅಭ್ಯಾಸವೂ ನಡೆಯಬೇಕು.

ಈಗ ಬಾಚಣಿಗೆ, ಬೀಗ, ಗಡಿಯಾರ ಅಂತ ಅಪ್ಪ ಬೇಗ ಹೇಳುತ್ತಾರೆ. ಆದರೆ ಮಾತುಕತೆ ಇನ್ನೂ ತುಂಡುತುಂಡು. 2019ರ ಕೊಕ್ರೇನ್ ವಿಮರ್ಶೆಯೂ (ಈ ಚಿಕಿತ್ಸೆಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿ) ಹೆಚ್ಚುಕಡಿಮೆ ಹೀಗೇ ಹೇಳುತ್ತದೆ: ವಸ್ತುಗಳ ಹೆಸರು ಹೇಳುವುದು ಸುಧಾರಿಸಬಹುದು, ದಿನನಿತ್ಯದ ಸಂಭಾಷಣೆ ಸುಧಾರಿಸುತ್ತದೆ ಅನ್ನಲು ಪುರಾವೆ ಇಲ್ಲ. ಅಪ್ಪನ ವಿಷಯದಲ್ಲಿ ಥೆರಪಿಯ ಪಾಲೇ ಜಾಸ್ತಿ ಅಂತ ನನ್ನ ಅಂದಾಜು.

ಕರೆಂಟ್ ಮುಗಿದಿದೆ, ಥೆರಪಿ ಮುಂದುವರಿದಿದೆ. ಕೊಡಿಸುವ ಯೋಚನೆ ಇರುವವರು ಫಿಟ್ಸ್ ಬಂದಿದ್ದರೆ ಅಥವಾ ತಲೆಯೊಳಗೆ ಲೋಹದ ಕ್ಲಿಪ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.