ಏರ್ ಗನ್‌ಗೆ ಯಾವ ಎಣ್ಣೆ, ಎಲ್ಲಿಗೆ, ಎಷ್ಟು

ರಘು, ನಿನ್ನ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಾಡ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಆಸಕ್ತಿ ಇಲ್ಲದೋರು ಬಿಟ್ಟು ಮುಂದಕ್ಕೆ ಹೋಗಿ. ಹಳೇ ಏರ್ ಗನ್ ಹೊರಗೆ ತೆಗ್ದಿದೀಯ, ಬ್ಯಾರೆಲ್ ಮಡಚಿ ಲೋಡ್ ಮಾಡೋದು, ಮಡಚುವಾಗ ಕಿರ್ ಅನ್ನುತ್ತೆ ಅಂತ ತುಕ್ಕು ಬಿಡಿಸೋ ಸ್ಪ್ರೇ ಎಲ್ಲಾ ಕಡೆ ಹೊಡ್ದೆ. ಆಮೇಲೆ ಗುರಿ ಹಲಗೆಗೆ ಹೊಡೆದಾಗ ಢಂ ಅಂತ ಸದ್ದು, ಬ್ಯಾರೆಲ್ ಬಾಯಲ್ಲಿ ಹೊಗೆ. "ಅಕ್ಕ, ಪವರ್ ಜಾಸ್ತಿ ಆಯ್ತಾ?" ಅಂತ ಖುಷಿಯಾಗಿ ಬೇರೆ ಕೇಳಿದೀಯ. ಚಿಕ್ಕಪ್ಪ ಅದರ ಕೆಳಗೆ "ಹೊಲಿಗೆ ಮಿಷನ್ ಎಣ್ಣೆ ಬಿಡು, ಎಲ್ಲಾ ಸರಿಹೋಗುತ್ತೆ" ಅಂದಿದಾರೆ. ಚಿಕ್ಕಪ್ಪ, ಆ ಎಣ್ಣೆ ಕೆಟ್ಟದ್ದಲ್ಲ, ಅದಕ್ಕೂ ಒಂದು ಜಾಗ ಇದೆ. ಆದ್ರೆ ಅದು ಒಳಗಲ್ಲ.

ಮೊದಲು ಆ ಹೊಗೆ ವಿಷಯ. ಸೈಕಲ್‌ಗೆ ಪಂಪ್ ಹೊಡೀವಾಗ ಪಂಪಿನ ಬುಡ ಬಿಸಿಯಾಗೋದು ನೋಡಿದೀಯಲ್ಲ? ಗಾಳಿ ಒತ್ತಿದ್ರೆ ಬಿಸಿಯಾಗುತ್ತೆ. ನಿನ್ನ ಥರದ ಸ್ಪ್ರಿಂಗ್ ಗನ್ನಲ್ಲಿ ಅದೇ ಕೆಲಸ ಕಣ್ಣು ಮಿಟುಕಿಸೋದರೊಳಗೆ ಆಗುತ್ತೆ. ಟ್ರಿಗರ್ ಒತ್ತಿದ ಕೂಡಲೇ ಸ್ಪ್ರಿಂಗು ಪಿಸ್ಟನ್ನನ್ನ ಮುಂದಕ್ಕೆ ತಳ್ಳಿ, ಸಿಲಿಂಡರ್‌ನಲ್ಲಿರೋ ಗಾಳಿನೆಲ್ಲ ಹಿಂಡಿಬಿಡುತ್ತೆ. ಆ ಗಾಳಿ ನೂರಾರು ಡಿಗ್ರಿ ಬಿಸಿಯಾಗುತ್ತೆ. ಅಲ್ಲಿ ಪೆಟ್ರೋಲಿಯಂ ಎಣ್ಣೆಯ ಆವಿ ಇದ್ರೆ ಕಿಡಿ ಬೇಕಾಗಿಲ್ಲ, ತಾನೇ ಹೊತ್ಕೊಳ್ಳುತ್ತೆ. ಡೀಸಲ್ ಎಂಜಿನ್ ನಡೆಯೋದೂ ಹೀಗೇ, ಅದಕ್ಕೇ ಇದನ್ನ ಡೀಸಲಿಂಗ್ ಅನ್ನೋದು. ಹೊಸ ಗನ್ನಲ್ಲಿ ಮೊದಮೊದಲು ಸಣ್ಣ ಹೊಗೆ ಬರೋದು ಮಾಮೂಲಿ, ಫ್ಯಾಕ್ಟರಿ ಎಣ್ಣೆ ಸುಡೋದು. ಆದ್ರೆ ನಿಂಗೆ ಕೇಳಿಸಿದ ಢಂ ಬೇರೆ. ಆ ಹೊಡೆತಕ್ಕೆ ಪಿಸ್ಟನ್ ಸೀಲು, ಅಂದ್ರೆ ಗಾಳಿ ಸೋರದ ಹಾಗೆ ತಡೆಯೋ ಭಾಗ, ಸುಡುತ್ತೆ, ಸ್ಪ್ರಿಂಗ್ ಮುರಿಯುತ್ತೆ. ಪವರ್ ಅಲ್ಲ ಕಣೋ ಅದು, ಗನ್ ತನ್ನನ್ನ ತಾನೇ ತಿಂತಾ ಇದೆ. ಸದ್ಯ ಹೊಡೆಯೋದು ನಿಲ್ಲಿಸು.

ಈಗ ಮಾಡಬೇಕಾದ್ದು ಇಷ್ಟೇ. ಒಳಗೆ ಪೆಲೆಟ್ (ಸೀಸದ ಸಣ್ಣ ಗುಂಡು) ಇಲ್ಲ, ಗನ್ ಕಾಕ್ ಆಗಿಲ್ಲ, ಅಂದ್ರೆ ಸ್ಪ್ರಿಂಗ್ ಹಿಂದಕ್ಕೆ ಎಳೆದು ಹೊಡೆಯಕ್ಕೆ ಸಿದ್ಧವಾಗಿ ನಿಂತಿಲ್ಲ ಅಂತ ಮೊದಲು ಖಾತ್ರಿ ಮಾಡ್ಕೋ. ಬ್ಯಾರೆಲನ್ನ ಲಾಕ್ ಬಿಡೋಷ್ಟು ಮಾತ್ರ ಮಡಚು, ಪೂರ್ತಿ ಎಳೀಬೇಡ. ಕಾಕ್ ಆದ ಗನ್ನಲ್ಲಿ ಬ್ಯಾರೆಲ್ ಪಟ್ ಅಂತ ವಾಪಸ್ ಮುಚ್ಚಿದ್ರೆ ಬೆರಳು ಉಳಿಯಲ್ಲ. ಬ್ಯಾರೆಲ್ ಹಿಂಬದಿ ಕೂರೋ ಜಾಗದಲ್ಲಿ ಸಣ್ಣ ತೂತು ಕಾಣುತ್ತೆ, ಗಾಳಿ ಬರೋದು ಅಲ್ಲಿಂದ. ಅದರ ಸುತ್ತ, ಬ್ಯಾರೆಲ್ ಒಳಗೆ ಒಣ ಬಟ್ಟೆ, ಕಿವಿಗೆ ಹಾಕೋ ಹತ್ತಿ ಕಡ್ಡಿ ಬಳಸಿ ಒರೆಸು. ಒಂದೆರಡು ದಿನ ಹಾಗೇ ಬಿಟ್ಟು ನೋಡು. ಆಮೇಲೂ ಢಂ ಅಂದ್ರೆ ಬಿಚ್ಚಿ ಒಳಗೆ ಒರೆಸಿಸ್ಬೇಕು, ಅದನ್ನ ರಿಪೇರಿಯೋರಿಗೆ ಕೊಡು. ಸ್ಪ್ರಿಂಗ್ ಒತ್ತಿ ಹಿಡಿಯೋ ಕ್ಲಾಂಪ್ ಇಲ್ಲದೆ ನೀನು ಬಿಚ್ಚಕ್ಕೆ ಹೋಗಬೇಡ, ಒಳಗಿನ ಸ್ಪ್ರಿಂಗು ಸುಮ್ಮನಿದ್ದಾಗಲೂ ಒತ್ತಡದಲ್ಲೇ ಇರುತ್ತೆ, ಮುಖಕ್ಕೆ ಎಗರುತ್ತೆ.

ಹಾಗಾದ್ರೆ ಒಳಗೆ ಏನು ಹಾಕೋದು? ಗಾಳಿ ಒತ್ತೋ ಜಾಗಕ್ಕೆ ಸಿಲಿಕೋನ್ ಎಣ್ಣೆ, ಏರ್ ಗನ್ ಚೇಂಬರ್ ಆಯಿಲ್ ಅಂತಲೇ ಸಿಗುತ್ತೆ. ಆ ಬಿಸಿಗೆ ಅದು ಸುಲಭವಾಗಿ ಹೊತ್ಕೊಳ್ಳಲ್ಲ. ಇಲ್ಲೊಂದು ಮೋಸ ಇದೆ ನೋಡು, ಡಬ್ಬಿ ಮೇಲೆ ದೊಡ್ಡದಾಗಿ ಸಿಲಿಕೋನ್ ಸ್ಪ್ರೇ ಅಂತ ಇರುತ್ತೆ, ಆದ್ರೆ ಅದನ್ನ ತೆಳು ಮಾಡಕ್ಕೆ, ಹೊರಗೆ ತಳ್ಳಕ್ಕೆ ಹಾಕಿರೋದು ಬೆಂಕಿ ಹತ್ತೋ ದ್ರಾವಕ, ಗ್ಯಾಸ್. ಹಿಂದೆ ತಿರುಗಿಸಿ ಸಣ್ಣಕ್ಷರ ಓದು. ಇನ್ನು ಆ ಸಿಲಿಕೋನ್ ಎಣ್ಣೆನೂ ಒಂದೇ ಹನಿ, ಅದೂ ಆ ತೂತಿಗೆ, ಯಾವಾಗಲೋ ಒಮ್ಮೆ. ಈಗಿನ ಪ್ಲಾಸ್ಟಿಕ್ ಥರದ ಸೀಲುಗಳಿಗೆ ವರ್ಷಗಟ್ಟಲೆ ಏನೂ ಬೇಕಾಗದೇ ಇರಬಹುದು. ಸೀಲಿನ ಜಾಗದಲ್ಲಿ ಚರ್ಮದ ವಾಷರ್ ಇದ್ರೆ ಕಥೆ ಬೇರೆ, ಚರ್ಮ ಎಣ್ಣೆ ಕುಡಿಯುತ್ತೆ, ಒಣಗಿದ್ರೆ ಗಾಳಿ ಸೋರಿ ಗನ್ ಸಪ್ಪೆಯಾಗುತ್ತೆ. ಅದಕ್ಕೆ ಎರಡು ಮೂರು ಹನಿ ಬಿಟ್ಟು, ಬ್ಯಾರೆಲ್ ಬಾಯಿ ಮೇಲಕ್ಕೆ ಮಾಡಿ ರಾತ್ರಿಯಿಡೀ ನಿಲ್ಲಿಸು, ಇಳಿದು ನೆನೆಯುತ್ತೆ.

ಆದ್ರೆ ಸಿಲಿಕೋನ್ ತಂದೆ ಅಂತ ಅದನ್ನೇ ಎಲ್ಲಾ ಕಡೆ ಹಚ್ಚಬೇಡ. ಲೋಹಕ್ಕೆ ಲೋಹ ಉಜ್ಜೋ ಜಾಗದಲ್ಲಿ, ಜೋರಾಗಿ ಒತ್ತಡ ಬೀಳೋ ಕಡೆ, ಅದು ನಿಲ್ಲಲ್ಲ. ನಿನ್ನ ಕಿರ್ ಅನ್ನೋ ಸದ್ದು ಬರ್ತಿರೋದು ಅಲ್ಲಿಂದಲೇ, ಬ್ಯಾರೆಲ್ ಮಡಚೋ ಬೋಲ್ಟಿನ ಅಕ್ಕಪಕ್ಕ ಮತ್ತೆ ಕಾಕಿಂಗ್ ಲಿವರ್ ಜಾರೋ ಜಾಗ. ಅಲ್ಲಿಗೆ ಮಾಲಿಬ್ಡಿನಮ್ ಸೇರಿಸಿದ ಕಪ್ಪು ಗ್ರೀಸ್. ಹಲ್ಲುಕಡ್ಡಿ ತುದಿಯಲ್ಲಿ ತೆಗೆದು ತೆಳ್ಳಗೆ ಸವರು, ಕಣ್ಣಿಗೆ ಮುದ್ದೆ ಕಂಡ್ರೆ ಅದು ಜಾಸ್ತಿ. ಸ್ಪ್ರಿಂಗ್ ಟೊಂಯ್ ಅಂತ ಕಂಪಿಸಿದ್ರೆ ಅದಕ್ಕೆ ಟಾರಿನ ಥರ ಅಂಟೋ ಗಟ್ಟಿ ಗ್ರೀಸ್ ಬೇರೆ ಇದೆ, ಗನ್ ಬಿಚ್ಚಿದಾಗ ಹಾಕಿಸ್ಕೋ.

ಶೋಭಾ, ನಿನ್ನ ಗ್ಯಾಸ್ ಪಿಸ್ತೂಲಿಗೆ ಇದ್ಯಾವುದೂ ಅನ್ವಯಿಸಲ್ಲ. 12 ಗ್ರಾಮಿನ ಕಾರ್ಬನ್ ಡೈಆಕ್ಸೈಡ್ ಬುಡ್ಡಿ ಬಳಸೋ ಗನ್ನಲ್ಲಿ ಗಾಳಿ ಒತ್ತೋದೇ ಇಲ್ಲ, ಗ್ಯಾಸ್ ಹಿಗ್ಗಿ ತಣ್ಣಗಾಗುತ್ತೆ. ಅಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ಕೊಳ್ಳೋ ಭಯ ಇಲ್ಲ. ಆ ಗನ್ನಿಗೇ ಅಂತ ಮಾಡಿದ ಎಣ್ಣೆ, ಕ್ರಾಸ್‌ಮನ್‌ನವರ ಪೆಲ್‌ಗನ್‌ಆಯಿಲ್ ಥರದ್ದು, ಬುಡ್ಡಿಯ ಮೂತಿಗೆ ಒಂದು ಹನಿ ಇಟ್ಟು ಚುಚ್ಚಿದ್ರೆ ಗ್ಯಾಸೇ ಅದನ್ನ ಸೀಲುಗಳಿಗೆ ಒಯ್ಯುತ್ತೆ.

ಮುಂದೆ ಯಾರಾದ್ರೂ ಪಿಸಿಪಿ ತಗೊಂಡ್ರೆ, ಅಂದ್ರೆ 200 ಬಾರ್ ಒತ್ತಡಕ್ಕೋ ಅದಕ್ಕೂ ಮೇಲಕ್ಕೋ ಗಾಳಿ ತುಂಬಿಸಿಡೋ ಗನ್ನು, ಅಲ್ಲಿ ಗಾಳಿ ಹೋಗೋ ದಾರಿಗೆ ಪೆಟ್ರೋಲಿಯಂ ಎಣ್ಣೆ ಸೋಕಿಸಲೇಬಾರದು. ಗಾಳಿ ಸೋರದ ಹಾಗೆ ಹಾಕಿರೋ ಓ-ರಿಂಗ್ ಬಳೆಗೆ ಸಿಲಿಕೋನ್ ಗ್ರೀಸ್ ತೆಳುವಾಗಿ, ಪಂಪಿಗೂ ಅದೇ. ಆಕ್ಸಿಜನ್ ಸಿಲಿಂಡರ್‌ನಿಂದ ತುಂಬಿಸೋ ಬುದ್ಧಿವಂತಿಕೆ ಯಾರೂ ಮಾಡಬೇಡಿ, ಅದು ಸ್ಫೋಟಕ್ಕೆ ದಾರಿ.

ರಘು, ಬ್ಯಾರೆಲ್ ಕ್ಲೀನಿಂಗ್ ಬಗ್ಗೆನೂ ಕೇಳಿದೀಯ. ಇಲ್ಲಿ ಮದ್ದು ಉರಿಯಲ್ಲ, ಮಸಿ ಕೂರಲ್ಲ. ಕೂರೋದು ಸೀಸ, ಪೆಲೆಟ್ ಮೇಲಿನ ಮೇಣ, ಎಣ್ಣೆ. ಅದಕ್ಕೇ ವಾರವಾರ ಉಜ್ಜೋ ಅಭ್ಯಾಸ ಬೇಡ. ಪೆಲೆಟ್‌ಗಳು ಒಂದೇ ಕಡೆ ಬೀಳೋದು ಬಿಟ್ಟು ಚೆದುರಕ್ಕೆ ಶುರುವಾದಾಗ ಸಾಕು. ಕಬ್ಬಿಣದ ರಾಡ್ ಬೇಡ, ಏರ್ ಗನ್ ಬ್ಯಾರೆಲ್ಲಿನ ಉಕ್ಕು ಮೆದು, ಬಾಯಿ ಅಂಚು ಗೀಚಿದ್ರೆ ಗುರಿನೇ ಹೋಯ್ತು. ಹುಲ್ಲು ಕತ್ತರಿಸೋ ಮಿಷನ್ನಿನ ನೈಲಾನ್ ದಾರ ಮಡಚಿ ಕುಣಿಕೆ ಮಾಡು, ಬಟ್ಟೆ ತುಂಡು ಸಿಕ್ಕಿಸಿ ಹಿಂದಿಂದ ಬಾಯಿ ಕಡೆಗೆ ಎಳಿ. ಕಪ್ಪು ಬರೋದು ನಿಲ್ಲೋವರೆಗೆ ಒಣ ಬಟ್ಟೆನೇ ಸಾಕು. ಕ್ಲೀನರ್ ಹಾಕಲೇಬೇಕು ಅನಿಸಿದ್ರೆ ಬಟ್ಟೆಗೆ ಹಾಕು, ಬ್ಯಾರೆಲ್ಲಿಗೆ ಸುರೀಬೇಡ, ಕೊನೆಗೆ ಒಣ ಬಟ್ಟೆ ಎಳೆದು ಆಮೇಲೇ ಹೊಡಿ. ಬಂದೂಕಿಗೆ ಅಂತ ಮಾರೋ ಅಮೋನಿಯಾ ಇರೋ ದ್ರಾವಕ ಹಿತ್ತಾಳೆ ಭಾಗಗಳನ್ನ ತಿನ್ನುತ್ತೆ. ಉಣ್ಣೆಯ ಕ್ಲೀನಿಂಗ್ ಪೆಲೆಟ್ ಒಂದನ್ನೇ ಹಾಕಿ ಸ್ಪ್ರಿಂಗ್ ಗನ್ ಹೊಡಿಯೋದೂ ಬೇಡ, ಅದು ತೀರಾ ಹಗುರ, ಎದುರು ಒತ್ತಡ ಇಲ್ಲದೆ ಪಿಸ್ಟನ್ ಹೋಗಿ ಗುದ್ದುತ್ತೆ. ಕ್ಲೀನ್ ಮಾಡಿದ ಮೇಲೆ ಮೊದಲ ಕೆಲವು ಏಟು ಆ ಕಡೆ ಈ ಕಡೆ ಬಿದ್ರೆ ಸ್ಕೋಪ್ ತಿರುಗಿಸಕ್ಕೆ ಹೋಗಬೇಡ, ತಾನೇ ಕೂರುತ್ತೆ. ಆ ಬಟ್ಟೆಲಿರೋ ಕಪ್ಪು ಸೀಸ ಕಣೋ, ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಡಿ ಸೋಪಿನಲ್ಲಿ ಕೈ ತೊಳಿ.

ಈಗ ಚಿಕ್ಕಪ್ಪನ ಎಣ್ಣೆ. ಹೊರಗಿನ ಉಕ್ಕಿಗೆ ಅದು ಚೆನ್ನಾಗಿದೆ. ಕೈ ಬೆವರಿನ ಉಪ್ಪು ತುಕ್ಕು ಹಿಡಿಸುತ್ತೆ, ಅದಕ್ಕೆ ಮುಟ್ಟಿದ ಮೇಲೆ ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಒರೆಸಿ ಇಡೋದು. ಡಬ್ಲ್ಯೂಡಿ-40 ಥರದ್ದೂ ಹೊರಗೆ ಮಾತ್ರ. ಅದು 1953ರಲ್ಲಿ ನೀರು ಓಡಿಸಕ್ಕೆ ಅಂತ ಹುಟ್ಟಿದ್ದು, ಸೀಲಿಗಲ್ಲ. ಮರದ ಹಿಡಿಗೆ ಸಿಲಿಕೋನ್ ಸೋಕಿದ ಬಟ್ಟೆ ತಗಲಿಸಬೇಡ, ಆಮೇಲೆ ವಾರ್ನಿಷ್ ಕೂರಲ್ಲ.

ಗನ್ನಿನ ಮೇಲೆ ಬರೆದಿರೋ ಮಾಡೆಲ್ ಹೆಸರಿನ ಫೋಟೋ ಹಾಕು, ಸೀಲು ಚರ್ಮದ್ದಾ ಪ್ಲಾಸ್ಟಿಕ್ಕಾ ನೋಡಿ ಹೇಳ್ತೀನಿ. ಅಲ್ಲಿವರೆಗೂ ಒಳಗೆ ಏನೂ ಹಾಕಬೇಡ, ಬೋಲ್ಟಿಗೆ ಮಾತ್ರ ಗ್ರೀಸ್ ಮಾಡ್ಕೋ.